ಜೋಕಾಲಿ ಹಾಡು ಹೊತ್ತು ಸಮುದ್ರ ದಾಟಿದ್ದು

ಹರಿಹರ

ಇಂಗ್ಲೆಂಡ್ ಸೀಮೆಗೆ ಹೋಗಿ ಬಂದವನನ್ನು ನಮ್ಮ ಜನ ಮೊದಲು ಕೇಳುವುದು, "ಅಲ್ಲಿ ಊಟಕ್ಕೇನ್ ಮಾಡಿದ್ರಿ?" ಎಂದು. ಎರಡನೆಯದು ಚಳಿಯ ವಿಚಾರ. ಮೂರನೆಯದನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ, ಅದನ್ನಿಲ್ಲಿ ಬರೆಯುವುದು ಬೇಡ. ದಾವಣಗೆರೆಯಲ್ಲಿ ಹೆಂಡತಿಯ ತವರಿನವರಿಂದ ಹಿಡಿದು ಮಂಡಕ್ಕಿ ಅಂಗಡಿಯವನವರೆಗೆ ಎಲ್ಲರಿಗೂ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಆದರೆ "ಮೇಷ್ಟ್ರೇ, ಇಷ್ಟು ಜನರಿದ್ದು ನಿಮ್ಮನ್ನೇ ಯಾಕ ಕಳಿಸಿದ್ರು?" ಎಂದು ಈ ತನಕ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ನಿಜ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಈಗ ಹೇಳುತ್ತೇನೆ.

ನಾನು ಹರಿಹರದ ಪ್ರೈಮರಿ ಶಾಲೆಯ ಮೇಷ್ಟ್ರು. ಮನೆ ದಾವಣಗೆರೆಯಲ್ಲಿ, ದಿನಾ ಬೆಳಗಿನ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುವವನು. ನಮ್ಮಲ್ಲಿ ಸಂಗೀತಕ್ಕೆಂದು ಬೇರೆ ಮೇಷ್ಟ್ರು ಇರುವುದಿಲ್ಲ, ಮಗ್ಗಿ ಹೇಳಿಸುವವನೇ ಹಾಡೂ ಹೇಳಿಸಬೇಕು. ನನಗೆ ಹಾರ್ಮೋನಿಯಂ ಬರುತ್ತಿತ್ತು, ಹಾಡು ಕಟ್ಟುವ ಚಟವೂ ಇತ್ತು, ಮೂಗಿನ ತುದಿಯಲ್ಲಿ ಸಿಟ್ಟೂ ಇತ್ತು. ಹಬ್ಬ ಬಂತೆಂದರೆ ಸಣ್ಣ ಮಕ್ಕಳಿಗೆ ಆ ಹಬ್ಬದ ಮೇಲೊಂದು ಹಾಡು, ಹಾಡಿಗೊಂದು ಆಟ. ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗುವ ಹಾಡು. ಯುಗಾದಿಗೆ ಬೇವು ಅಗಿದವರಂತೆ ಮುಖ ಕಿವುಚಿಕೊಂಡು ಹಾಡುವ ಹಾಡು. ನಾಗರ ಪಂಚಮಿಗೆ ಜೋಕಾಲಿ ಹಾಡು:

ಜೀಕೇ ಜೀಕೇ ಜೋಕಾಲಿ, ಕಾಲಿನ ಗೆಜ್ಜಿ ಮುಗಿಲಾಗೆ,
ಬಂದಾನಣ್ಣ ಕರಿಯಾಕೆ, ಉಂಡಿ ಐತೆ ಮಡಿಲಾಗೆ.

ಅರ್ಧ ಮಕ್ಕಳು ಕೈ ಚಾಚಿ ಹಗ್ಗವಾಗಬೇಕು, ಉಳಿದರ್ಧ ತೂಗಾಡಬೇಕು. "ಮುಗಿಲಾಗೆ" ಬಂದಾಗ ಎಲ್ಲರೂ ತುದಿಗಾಲ ಮೇಲೆ ನಿಲ್ಲಬೇಕು. ಎರಡನೇ ಇಯತ್ತೆಯ ಮಕ್ಕಳು ಇದನ್ನು ಬಿದ್ದು ಎದ್ದು ಹಾಡುತ್ತಿದ್ದವು.

ಅವರಲ್ಲೊಬ್ಬಳು ಕೊಟ್ರಮ್ಮ. ಗುತ್ತೂರಿನಿಂದ ನಡೆದು ಬರುತ್ತಿದ್ದಳು, ವಯಸ್ಸು ಏಳು. ಅಪ್ಪ ಕಾರ್ಖಾನೆ ಕಟ್ಟುವಲ್ಲಿ ಕೂಲಿ, ತಾಯಿ ಹೊಲದ ಕೆಲಸ. ಆ ಹುಡುಗಿ ಶಾಲೆಗೆ ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತಿತ್ತು. ದಾರಿಯುದ್ದಕ್ಕೂ ಹಾಡಿಕೊಂಡೇ ಬರುತ್ತಿದ್ದಳು. ಹಾಡು ಅಂದರೇನು, ಹಿತ್ತಾಳೆ ಕೊಡಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಶ್ರುತಿ ಪೂರ್ವಕ್ಕಿದ್ದರೆ ಇವಳು ಪಶ್ಚಿಮಕ್ಕೆ. ನಲವತ್ತು ಮಕ್ಕಳ ನಡುವೆ ಅವಳ ಒಂದು ದನಿ ಎದ್ದು ಕೇಳುತ್ತಿತ್ತು, ಅದೂ ಎಲ್ಲರಿಗಿಂತ ಹೆಚ್ಚು ಖುಷಿಯಲ್ಲಿ.

ಆ ವರ್ಷ ಪಂಚಮಿಯ ಹಿಂದಿನ ದಿನ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಅವರು ಬರುವ ಮುನ್ನಾದಿನ ನಾನು ಕೊಟ್ರಮ್ಮನನ್ನು ಬಾವಿಕಟ್ಟೆಯ ಹತ್ತಿರ ಕರೆದೆ. ತಲೆ ಸವರಿಯೇ ಹೇಳಿದೆ. ಹೊಡೆಯಲಿಲ್ಲ, ಬೈಯಲಿಲ್ಲ.

"ಕೊಟ್ರವ್ವ, ನಾಳೆ ನೀನು ಬರೇ ತುಟಿ ಆಡಿಸು. ದನಿ ತೆಗಿಬ್ಯಾಡ. ತಿಳೀತಾ?"

"ಹೂಂ ಸಾರ್," ಅಂದಳು. ಹೊರಟವಳು ತಿರುಗಿ, "ನಾಳೆ ಒಂದಿನಾನಾ ಸಾರ್?" ಎಂದು ಕೇಳಿದಳು. ಅಷ್ಟರಲ್ಲಿ ಯಾರೋ ಕರೆದರು, ನಾನು ಹೋದೆ.

ಮರುದಿನ ಹಾಡು ಜೇನಿನ ಹಾಗೆ ಬಂತು. ಸಾಹೇಬರು ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡರು. ಮುಂದಿನ ಸಾಲಿನಲ್ಲಿದ್ದ ಕೊಟ್ರಮ್ಮನನ್ನು ತೋರಿಸಿ, "ನೋಡ್ರಿ ಆ ಹುಡುಗೀನ. ಎಷ್ಟು ಮನಸಿಟ್ಟು ಹಾಡ್ತಾಳೆ! ಇಂಥ ಮಕ್ಕಳನ್ನ ತಯಾರು ಮಾಡಿದ ಮೇಷ್ಟ್ರು ನೀವು," ಎಂದರು. ಇಂಗ್ಲೆಂಡಿನ ಶಾಲೆಗಳನ್ನು ನೋಡಿ ಬರಲು ಮಕ್ಕಳಿಗೆ ಹಾಡು ಕಲಿಸುವ ಒಬ್ಬ ಮೇಷ್ಟ್ರು ಬೇಕಾಗಿತ್ತಂತೆ. ನನ್ನ ಹೆಸರನ್ನು ಅಲ್ಲಿಯೇ ಬರೆದುಕೊಂಡರು. ನಾನು ಕೈಮುಗಿದು ನಿಂತಿದ್ದೆ. ಆ ಹುಡುಗಿ ಹಾಡಲೇ ಇಲ್ಲ ಸ್ವಾಮಿ ಎಂದು ಹೇಳುವ ಬದಲು ಇನ್ನಷ್ಟು ಬಾಗಿದೆ.

ಹಡಗಿನಲ್ಲಿ

ಹಡಗಿನ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ, ಏಕೆಂದರೆ ನಾನು ವಾಂತಿಯ ಬಕೆಟ್ಟನ್ನು ನೋಡಿದಷ್ಟು ಸಮುದ್ರವನ್ನು ನೋಡಲಿಲ್ಲ. ಹೆಂಡತಿ ಕಟ್ಟಿಕೊಟ್ಟ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಇಳಿಯುವಾಗ ಅಲ್ಲಿನ ಸುಂಕದ ಅಧಿಕಾರಿ ಆ ಪುಡಿಯನ್ನು ಮೂಗಿಗೆ ಹಿಡಿದು ಮೂಸಿದ. ಆಮೇಲೆ ಸೀನಿದ ಸೀನಿಗೆ ಟೋಪಿ ಕೆಳಗೆ ಬಿತ್ತು. ಸರದಿಯಲ್ಲಿದ್ದವರೆಲ್ಲ ನನ್ನನ್ನು ಕಳ್ಳನನ್ನು ನೋಡಿದ ಹಾಗೆ ನೋಡಿದರು.

ಕಡಲು ಶಾಂತವಾಗಿದ್ದ ಒಂದೆರಡು ದಿನ ಮೇಲೆ ಹೋಗಿ ಕೂತಿದ್ದೆ. ಕೂತಲ್ಲಿ ಒಂದು ಯೋಚನೆ ಹತ್ತಿಕೊಂಡಿತು. ಪಂಚಮಿಯಾದ ಮೇಲೆ, ನಾನು ಹೊರಡುವ ತನಕ, ಬೆಳಗಿನ ಹೊತ್ತು ದಾರಿಯಲ್ಲಿ ಆ ಹುಡುಗಿಯ ದನಿ ಕೇಳಿತ್ತೇ? ನೆನಪು ಮಾಡಿಕೊಂಡೆ. ಮಳೆ ನೆನಪಾಯಿತು, ಪಾಸ್‌ಪೋರ್ಟಿಗೆ ಓಡಾಡಿದ್ದು ನೆನಪಾಯಿತು, ಹೊಲಿಸಿದ ಉಣ್ಣೆ ಕೋಟು ನೆನಪಾಯಿತು. ಕೊಟ್ರಮ್ಮನ ದನಿ ಮಾತ್ರ ಎಲ್ಲೂ ಸಿಕ್ಕಲಿಲ್ಲ. ಕೇಳಿರಬೇಕು, ನನಗೆ ಗಮನವಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡು ಕೆಳಗಿಳಿದು ಮಲಗಿದೆ.

ಮಿಲ್ಲುಗಳ ಊರು

ನನ್ನನ್ನು ಕಳಿಸಿದ್ದು ಉತ್ತರ ಇಂಗ್ಲೆಂಡಿನ ಒಂದು ಹತ್ತಿಗಿರಣಿಯ ಊರಿಗೆ. ರೈಲಿನ ಕಿಟಕಿಯಿಂದ ಚಿಮಣಿಗಳು ಕಂಡಾಗ, ಇದೇನು ನಮ್ಮ ದಾವಣಗೆರೆಗೇ ವಾಪಸ್ ಬಂದೆನೋ ಅನ್ನಿಸಿತು. ಹತ್ತಿರ ಹೋದಾಗ ಒಂದು ವ್ಯತ್ಯಾಸ ಗೊತ್ತಾಯಿತು. ನಮ್ಮೂರಿನಲ್ಲಿ ಮಿಲ್ಲು ಕೂಗಿದರೆ ಬೀದಿ ತುಂಬ ಜನ. ಇಲ್ಲಿ ಚಿಮಣಿಗಳಲ್ಲಿ ಹೊಗೆಯಿರಲಿಲ್ಲ. ಒಂದೊಂದಾಗಿ ಬಾಗಿಲು ಹಾಕುತ್ತಿದ್ದವಂತೆ.

ಮಿಸೆಸ್ ಪ್ಲಾಟ್ ಎಂಬ ವಿಧವೆಯ ಮನೆಯಲ್ಲಿ ನನಗೆ ಕೋಣೆ. ನಲವತ್ತು ವರ್ಷ ಮಗ್ಗದ ಮುಂದೆ ನಿಂತು ಕೆಲಸ ಮಾಡಿದ ಹೆಂಗಸು. ಮೊದಲ ರಾತ್ರಿ ಹಾಸಿಗೆಗೆ ಕಾಲು ಚಾಚಿದರೆ ಬಿಸಿಬಿಸಿಯಾದ, ಮೆತ್ತಗಿನ ಏನೋ ಪ್ರಾಣಿ! ಕೂಗಿಕೊಂಡು ಎದ್ದೆ. ನೋಡಿದರೆ ಕುದಿನೀರು ತುಂಬಿದ ರಬ್ಬರ್ ಚೀಲ. ಅಯ್ಯೋ ಚಳಿದೇಶದ ಪಾಡೇ, ಹಾಸಿಗೆಗೂ ಒಲೆ ಹಚ್ಚಬೇಕು.

ಮರುದಿನ ಬೆಳಿಗ್ಗೆ ಅದಕ್ಕಿಂತ ದೊಡ್ಡ ಗಾಬರಿ ಕಾದಿತ್ತು. ಕೆಳಗೆ ಬಂದರೆ ಮಿಸೆಸ್ ಪ್ಲಾಟ್ ಕಿಟಕಿಯ ಬಳಿ ನಿಂತು ಬೀದಿಯಾಚೆ ಮನೆಯ ಹೆಂಗಸಿನೊಂದಿಗೆ ಮಾತಾಡುತ್ತಿದ್ದಾಳೆ. ಬಾಯಿ ಇಷ್ಟಗಲ ತೆರೆಯುತ್ತಿದೆ, ಹುಬ್ಬು ಏರುತ್ತಿದೆ, ತುಟಿ ಸೊಟ್ಟಗಾಗುತ್ತಿದೆ, ಸದ್ದು ಮಾತ್ರ ಇಲ್ಲ. ಸಮುದ್ರದ ಗಾಳಿಗೆ ನನ್ನ ಕಿವಿ ಹೋಯಿತೆಂದೇ ತಿಳಿದು ಎರಡೂ ಕಿವಿ ಹಿಡಿದುಕೊಂಡು ಕುಕ್ಕರಿಸಿದೆ. ಆಕೆ ನಕ್ಕು ನಕ್ಕು ಸಾಕಾದಳು.

"ಮಗ್ಗದ ಗದ್ದಲದಲ್ಲಿ ಯಾರ ದನಿ ಯಾರಿಗೆ ಕೇಳಬೇಕು? ನಾವೆಲ್ಲ ತುಟಿಯಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಅದೇ ರೂಢಿಯಾಯಿತು," ಅಂದಳು. ಅವಳ ಮಿಲ್ಲು ಮುಚ್ಚಿ ಎರಡು ವರ್ಷವಾಗಿತ್ತು. "ನನ್ನ ಮಗ್ಗಗಳನ್ನು ನಿಮ್ಮ ದೇಶಕ್ಕೇ ಮಾರಿದರಂತೆ. ನಿಮ್ಮೂರಿನಲ್ಲಿ ಎಲ್ಲಾದರೂ ಕಂಡಿರಾ?" ಎಂದು ಕೇಳಿದಳು, ಗಂಡನ ಮನೆಗೆ ಹೋದ ಮಗಳ ಕ್ಷೇಮ ಕೇಳಿದ ಹಾಗೆ. ನೋಡಿಲ್ಲ, ಊರಿಗೆ ಹೋದಾಗ ವಿಚಾರಿಸುತ್ತೇನೆ ಎಂದೆ.

ಸಂಜೆ ಬೆಂಕಿಯ ಮುಂದೆ ಕೂತು ಆಕೆ ನನಗೆ ತುಟಿ ಓದುವುದನ್ನು ಕಲಿಸಿದಳು. ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ ಬೇರೆ ಕೆಲಸವೇನಿತ್ತು?

ಮಿಸ್ ಕ್ರೌದರಳ ತರಗತಿ

ನಾನು ನೋಡಬೇಕಾಗಿದ್ದ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಹಾಡು ಕಲಿಸುತ್ತಿದ್ದವಳು ಮಿಸ್ ಕ್ರೌದರ್. ಅರವತ್ತರ ಹತ್ತಿರ, ಮದುವೆಯಾಗದವಳು, ಉದ್ದ, ಸಣಕಲು. ಕೋಣೆಯ ತುಂಬ ಒದ್ದೆ ಕೋಟುಗಳ ವಾಸನೆ. ಹೊರಗೆ ಹತ್ತು ದಿನದಿಂದ ಬಿಸಿಲಿಲ್ಲ. ಆದರೂ ಕ್ರಿಸ್‌ಮಸ್ ಹತ್ತಿರ ಬಂದಿತ್ತು, ಆ ಮಕ್ಕಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ನಮ್ಮ ಮಕ್ಕಳು ಪಂಚಮಿಗೆ ಹೀಗೆಯೇ.

ಅವಳ ಪಾಠವೂ ಆಟವೇ. ಬೆಂಕಿಪೆಟ್ಟಿಗೆಯಲ್ಲಿ ಬಟಾಣಿ, ಡಬ್ಬಿಯಲ್ಲಿ ಗುಂಡಿ, ಹೀಗೆ ತುಂಬಿ ಬಣ್ಣದ ಕಾಗದ ಸುತ್ತಿ ಉಡುಗೊರೆ ಮಾಡಿದ್ದಳು. ಅಲ್ಲಾಡಿಸಿ ಸದ್ದು ಕೇಳಿ ಒಳಗೇನಿದೆ ಹೇಳಬೇಕು, ಆಮೇಲೆ ಅವನ್ನೇ ತಾಳಕ್ಕೆ ಬಾರಿಸಬೇಕು. ಇನ್ನೊಂದು ಆಟ ಚಿಮಣಿಯದು. ಕ್ರಿಸ್‌ಮಸ್ ತಾತ ಚಿಮಣಿಯೊಳಗಿಂದ ಮನೆಗೆ ಇಳಿಯುತ್ತಾನೆ ಎಂದು ಅಲ್ಲಿನ ನಂಬಿಕೆ. ಅವನು ಇಳಿದ ಹಾಗೆ ಮಕ್ಕಳು ದನಿಯನ್ನು ಮೇಲಿನಿಂದ ಕೆಳಕ್ಕೆ ಜಾರಿಸಬೇಕು.

ಶೀಲಾ ಎಂಬ ಹುಡುಗಿ (ಹೆಸರೇನೋ ನಮ್ಮ ಕಡೆಯದೇ ಅನ್ನಿ) ಜಾರಿಸಿದಾಗ ದನಿ ಅರ್ಧದಲ್ಲೇ ನಿಂತುಬಿಟ್ಟಿತು. ಒರಟು ದನಿ, ಯಾವ ಶ್ರುತಿಗೂ ಸೇರದು. ನನ್ನ ಕೈ ತಾನಾಗಿ ಹಣೆಗೆ ಹೋಯಿತು. ಮಿಸ್ ಕ್ರೌದರ್ ಮಾತ್ರ, "ಅಯ್ಯೋ, ತಾತ ಅಲ್ಲೇ ಸಿಕ್ಕಿಕೊಂಡ! ಬನ್ನಿ, ಎಲ್ಲರೂ ಅಲ್ಲಿಗೇ ಹೋಗಿ ಬಿಡಿಸೋಣ," ಎಂದು ಪಿಯಾನೋದಲ್ಲಿ ಆ ಮಗುವಿನ ದನಿ ನಿಂತ ಜಾಗವನ್ನೇ ಹುಡುಕಿ ಒತ್ತಿದಳು. ಮೂವತ್ತು ಮಕ್ಕಳು ಅಲ್ಲಿಂದಲೇ ಹಾಡು ಎತ್ತಿಕೊಂಡವು. ಶೀಲಾ ಎಲ್ಲರ ನಡುವೆ ಸೇರಿಕೊಂಡಳು. ಇಷ್ಟು ವರ್ಷ ಮಕ್ಕಳನ್ನು ಶ್ರುತಿಗೆ ಎಳೆದವನು ನಾನು. ಶ್ರುತಿಯನ್ನೇ ಎತ್ತಿ ಮಗುವಿನ ಹತ್ತಿರ ಒಯ್ಯುವುದನ್ನು ಅದುವರೆಗೆ ನೋಡಿರಲಿಲ್ಲ.

ನೋಡಿದ್ದು ತಲೆಗೆ ಹತ್ತಿತೇ? ಹತ್ತಲಿಲ್ಲ. ಮರುವಾರ ನನ್ನ ಪಾಠ. ಊರಿಂದ ಹೊತ್ತು ತಂದ ಹಾರ್ಮೋನಿಯಂ ಆ ಥಂಡಿಗೆ ಕೆಟ್ಟು ಒಂದು ಸ್ವರ ಒತ್ತಿದರೆ ಮೂರು ಅಳುತ್ತಿತ್ತು, ಬರಿಬಾಯಲ್ಲೇ ಜೋಕಾಲಿ ಹಾಡು ಹೇಳಿಕೊಟ್ಟೆ. ಪಂಚಮಿಯ ಕತೆ ಹೇಳಿದೆ, ಅಣ್ಣ ತಂಗಿಯನ್ನು ತವರಿಗೆ ಕರೆಯಲು ಬರುವುದನ್ನು ಹೇಳಿದೆ. ಮಕ್ಕಳು ಕೈ ಚಾಚಿ ಹಗ್ಗವಾದವು, ತೂಗಾಡಿದವು. ಎಲ್ಲ ಚೆನ್ನಾಗಿತ್ತು. ಅಷ್ಟರಲ್ಲಿ ಶೀಲಾ ದನಿ ಎತ್ತಿದಳು. ಹೆಡ್‌ಮಾಸ್ಟರ್ ಬಾಗಿಲಲ್ಲಿ ನಿಂತಿದ್ದರು. ನನ್ನ ಬೆರಳು ನನ್ನನ್ನು ಕೇಳದೆ ತುಟಿಯ ಮೇಲೆ ಹೋಯಿತು. ಅವಳನ್ನೇ ನೋಡಿ, ಸುಮ್ಮನಿರು ಎಂದು ಸನ್ನೆ ಮಾಡಿದೆ. ಅವಳಿಗೆ ನನ್ನ ಭಾಷೆ ಬರುತ್ತಿರಲಿಲ್ಲ, ಸನ್ನೆ ಮಾತ್ರ ತಕ್ಷಣ ತಿಳಿಯಿತು. ಬಾಯಿ ಮುಚ್ಚಿ ತೂಗಾಡುತ್ತ ನಿಂತಳು.

ಚಹಾ ಹೊತ್ತಿಗೆ ಮಿಸ್ ಕ್ರೌದರ್ ಎದುರಿಗೆ ಬಂದು ಕೂತಳು. "ಆ ಮಗುವನ್ನು ಯಾಕೆ ನಿಲ್ಲಿಸಿದಿರಿ?" ಎಂದು ಕೇಳಿದಳು. ಸಮರ್ಥನೆಗೆಂದು ನಾನು ಕೊಟ್ರಮ್ಮನ ಕತೆ ಹೇಳಿದೆ. ತಮಾಷೆ ಮಾಡಿಯೇ ಹೇಳಿದೆ. ಹಾಡದ ಹುಡುಗಿಯನ್ನೇ ಸಾಹೇಬರು ಮೆಚ್ಚಿದ್ದು, ಅದರಿಂದ ನಾನು ಇಲ್ಲಿಗೆ ಬಂದದ್ದು, ಎಲ್ಲ. ಉಳಿದ ಮೇಷ್ಟ್ರುಗಳು ಜೋರಾಗಿ ನಕ್ಕರು. ಅವಳು ನಗಲಿಲ್ಲ.

"ವಯಸ್ಸೆಷ್ಟು?"

"ಏಳು."

"ಆಮೇಲೆ ಅವಳು ಯಾವ ಹಾಡು ಹಾಡಿದಳು?"

ಚಹಾ ಆರಿಹೋಗಿತ್ತು, ಅದನ್ನೇ ಕುಡಿದೆ. ಆ ಸಂಜೆಯೇ ನಮ್ಮ ಹೆಡ್‌ಮೇಷ್ಟ್ರಿಗೆ ಕಾಗದ ಬರೆದೆ: ಕೊಟ್ರಮ್ಮ ಹೇಗಿದ್ದಾಳೆ, ಹಾಡುತ್ತಾಳೆಯೇ, ಎಲ್ಲರ ಜೊತೆ ದನಿ ತೆಗೆದು ಹಾಡು ಎಂದು ನಾನು ಹೇಳಿದೆನೆಂದು ಹೇಳಿ.

ಇಗರ್ಜಿಯಲ್ಲಿ

ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಬೆಳಿಗ್ಗೆ ಮಿಸೆಸ್ ಪ್ಲಾಟ್ ನನ್ನನ್ನು ಇಗರ್ಜಿಗೆ ಕರೆದುಕೊಂಡು ಹೋದಳು. ದೇವರು ಎಲ್ಲಿದ್ದರೂ ದೇವರೇ, ಚಪ್ಪಲಿ ಬಿಡಲು ಹೋದೆ, ಬಿಡಬಾರದಂತೆ. ಕಲ್ಲಿನ ಕಟ್ಟಡ, ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಅರ್ಧ ಬೆಂಚುಗಳು ಖಾಲಿ. ಕೆಲಸ ಹುಡುಕಿಕೊಂಡು ಜನ ಬೇರೆ ಊರಿಗೆ ಹೋಗಿದ್ದರು. ಉಳಿದವರು ಎದ್ದು ನಿಂತು ಹಬ್ಬದ ಹಾಡು ಹಾಡಿದರು. ಮುದುಕರು, ಕೆಮ್ಮುವವರು, ಅಪಸ್ವರದವರು, ಯಾರಿಗೂ ಯಾರ ಹಂಗಿಲ್ಲ.

ನಮ್ಮ ಮುಂದಿನ ಬೆಂಚಿನ ತುದಿಯಲ್ಲಿ ಮಿಸ್ ಕ್ರೌದರ್ ನಿಂತಿದ್ದಳು. ಪುಸ್ತಕ ಹಿಡಿದಿದ್ದಳು, ಬಾಯಿ ಆಡುತ್ತಿತ್ತು. ನಾನು ಕಿವಿ ಕೊಟ್ಟೆ. ಅವಳ ಕಡೆಯಿಂದ ಸದ್ದೇ ಬರುತ್ತಿರಲಿಲ್ಲ. ಆಗ ನೆನಪಾಯಿತು: ಇಷ್ಟು ದಿನ ತರಗತಿಯಲ್ಲಿ ಅವಳು ಪಿಯಾನೋ ಬಾರಿಸಿದ್ದಳು, ಕೈ ಆಡಿಸಿದ್ದಳು, ಕತೆ ಹೇಳಿದ್ದಳು. ಒಂದು ಸಾಲನ್ನೂ ಹಾಡಿ ತೋರಿಸಿರಲಿಲ್ಲ.

ಮಿಸೆಸ್ ಪ್ಲಾಟ್ ನನ್ನ ಕಡೆ ತಿರುಗಿ ಸದ್ದಿಲ್ಲದೆ ತುಟಿ ಆಡಿಸಿದಳು. ನಾನು ಓದಿದೆ: ಅವಳು ಯಾವತ್ತೂ ಹೀಗೆಯೇ.

ಹೊರಗೆ ಬಂದ ಮೇಲೆ ಮಿಸ್ ಕ್ರೌದರ್ ತಾನಾಗಿಯೇ ನನ್ನ ಬಳಿ ಬಂದಳು. ಕೈಗವಸು ಹಾಕಿಕೊಳ್ಳುತ್ತ, "ನನಗೂ ಏಳೇ ವರ್ಷ. ಹೀಗೇ ಕ್ರಿಸ್‌ಮಸ್ಸಿನ ಹಾಡು. ಟೀಚರು ಬಹಳ ಒಳ್ಳೆಯವರು, ಮೆತ್ತಗೇ ಹೇಳಿದರು. ಒಂದು ದಿನಕ್ಕೆ ಮಾತ್ರ ಅಂತಲೇ ಅವರ ಮನಸ್ಸಿನಲ್ಲಿ ಇದ್ದೀತು. ಆದರೆ ಯಾವಾಗ ಮುಗಿಯಿತು ಎಂದು ಅವರು ಹೇಳಲೇ ಇಲ್ಲ," ಎಂದಳು.

"ಈಗ ಹಾಡಬಹುದಲ್ಲ, ಮಿಸ್? ಯಾರು ಬೇಡ ಅಂತಾರೆ?"

"ಯಾರೂ ಇಲ್ಲ. ಬಾಯಿ ತೆರೆಯುತ್ತೇನೆ, ಬರುವುದಿಲ್ಲ. ನೀವು ಬೇಗ ಊರಿಗೆ ಹೋಗಿ," ಅಂದು ಒದ್ದೆ ರಸ್ತೆಯಲ್ಲಿ ನಡೆದುಹೋದಳು. ನನಗೆ ಅಲ್ಲಿಯೇ ಕೂತು ಅಳಬೇಕು ಅನ್ನಿಸಿತು. ಬಾವಿಕಟ್ಟೆಯ ಹತ್ತಿರ ಕೊಟ್ರಮ್ಮ ಕೇಳಿದ್ದು ಅದನ್ನೇ ಅಲ್ಲವೇ, ನಾಳೆ ಒಂದಿನಾನಾ ಎಂದು?

ಹೊರಡುವ ಹಿಂದಿನ ದಿನ ಹೆಡ್‌ಮೇಷ್ಟ್ರ ಉತ್ತರ ಬಂತು. ಶಾಲೆಯ ಬಾವಿಯ ಹೂಳು ತೆಗೆಸಿದ್ದು, ಹೊಸ ಕರಿಹಲಗೆ ಬಂದದ್ದು, ಬರುವಾಗ ಒಂದು ಒಳ್ಳೆಯ ಫೌಂಟನ್ ಪೆನ್ನು ತರಬೇಕೆಂಬುದು, ಎಲ್ಲ ಬರೆದಿದ್ದರು. ಕೊಟ್ರಮ್ಮನ ಸುದ್ದಿ ಇರಲಿಲ್ಲ.

ಗುತ್ತೂರು

ದಾವಣಗೆರೆಗೆ ಬಂದ ಮರುದಿನವೇ ರೈಲು ಹತ್ತಿದೆ. ಬಾತಿ ಗುಡ್ಡ ದಾಟುವಾಗ ಬಿಸಿಲು ಮುಖಕ್ಕೆ ಹೊಡೆಯಿತು, ಅದೂ ಹಿತವಾಗಲಿಲ್ಲ. ಹರಿಹರದ ಶಾಲೆಯಲ್ಲಿ ಮಕ್ಕಳೆಲ್ಲ ಮುತ್ತಿಕೊಂಡವು. ಮುಂದಿನ ಸಾಲಿನಲ್ಲಿ ಕೊಟ್ರಮ್ಮ ಇರಲಿಲ್ಲ.

"ಕೊಟ್ರಿ ಸಾಲಿ ಬಿಟ್ಳು ಸಾರ್. ಅವರವ್ವ ಹಡೆದಾಳೆ, ಕೂಸು ನೋಡ್ಕಂತಾಳೆ," ಎಂದಿತು ಒಂದು ಮಗು.

ಪಾಠ ಬಿಟ್ಟು ಗುತ್ತೂರಿಗೆ ನಡೆದೆ. ದಾರಿಯಲ್ಲಿ ಒಬ್ಬನೇ ಜೋಕಾಲಿ ಹಾಡನ್ನು ಕೆಳಗಿನ ಶ್ರುತಿಯಲ್ಲಿ, ಮೇಲಿನದರಲ್ಲಿ, ಯಾವುದಕ್ಕೂ ಸೇರದ ಶ್ರುತಿಯಲ್ಲಿ ಹಾಡಿ ನೋಡಿಕೊಂಡೆ. ಅವಳ ದನಿ ಎಲ್ಲಿ ನಿಂತರೂ ಸರಿ, ಅಲ್ಲಿಗೇ ಹೋಗಿ ಎತ್ತಿಕೊಳ್ಳಬೇಕು ಎಂದು ತೀರ್ಮಾನಿಸಿದ್ದೆ.

ಮನೆಯ ಮುಂದೆ ಅವಳ ತಾಯಿ ನಿಂಗಮ್ಮ ಜೋಳ ಹಸನು ಮಾಡುತ್ತಿದ್ದಳು. "ಅಯ್ಯ, ಮೇಷ್ಟ್ರು ಬಂದಾರೆ! ಬರ್ರಿ, ಕೂಡ್ರಿ. ಯಾವಾಗ ಬಂದ್ರಿ ಸೀಮಿಯಿಂದ? ಸೊರಗೀರಲ್ರೀ," ಎಂದು ಕಂಬಳಿ ಹಾಸಿದಳು. ಒಳಗೆ ತೊಲೆಗೆ ಕಟ್ಟಿದ ಸೀರೆ ಜೋಳಿಗೆಯಲ್ಲಿ ಕೂಸು. ಕೊಟ್ರಮ್ಮ ಅದನ್ನು ತೂಗುತ್ತ ನಿಂತಿದ್ದಳು. ಜೋಳಿಗೆ ಹಿಂದೆ ಮುಂದೆ ಆಡುತ್ತಿತ್ತು. ಜೋಗುಳವಿರಲಿಲ್ಲ.

ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ತಂದಿದ್ದ ಬಟಾಣಿ ತುಂಬಿದ ಬೆಂಕಿಪೆಟ್ಟಿಗೆಯನ್ನು ಕೈಗೆ ಕೊಟ್ಟೆ. ಅಲ್ಲಾಡಿಸಿ ನೋಡಿ ನಕ್ಕಳು. ಆ ನಗುವಿನಲ್ಲಿ ನನಗೆ ಜೀವ ಬಂದಂತಾಯಿತು.

"ಕೊಟ್ರವ್ವ, ಅವತ್ತು ನಾನು ಹೇಳಿದ್ದು ತಪ್ಪಾತು. ನಿನ್ನ ದನಿ ಹೆಂಗೈತೋ ಹಂಗೇ ಹಾಡು. ಜೋರಾಗಿ ಹಾಡು. ನಾನೇ ನಿನ್ನ ಹಿಂದೆ ಬರ್ತೀನಿ. ಹೂಂ?"

"ಹೂಂ ಸಾರ್," ಅಂದಳು. ಅದೂ ಉಸಿರಿನಷ್ಟು ಸಣ್ಣಗೆ.

ಜೋಳಿಗೆ ಬಿಟ್ಟು, ಎರಡೂ ಕೈ ಬದಿಗಿಟ್ಟು, ಅವತ್ತು ಸಾಹೇಬರ ಮುಂದೆ ನಿಂತಿದ್ದ ಹಾಗೆಯೇ ನೆಟ್ಟಗೆ ನಿಂತಳು. ನಾನು ಕಾದೆ. ಅವಳ ಬಾಯಿ ತೆರೆಯಿತು, ತುಟಿ ಆಡಿತು. ಮಿಸೆಸ್ ಪ್ಲಾಟ್ ಕಲಿಸಿದ ವಿದ್ಯೆ ಅವತ್ತು ಉಪಯೋಗಕ್ಕೆ ಬಂತು. ಜೀಕೇ ಜೀಕೇ ಜೋಕಾಲಿ. ಒಂದಕ್ಷರ ತಪ್ಪಿರಲಿಲ್ಲ. "ಮುಗಿಲಾಗೆ" ಬಂದಾಗ ತುದಿಗಾಲ ಮೇಲೆ ನಿಂತಳು. ಜೋಳಿಗೆ ಕಟ್ಟಿದ ಹಗ್ಗದ ಕಿರಕಿರ ಬಿಟ್ಟರೆ ಆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

"ದನಿ ತೆಗಿ ತಾಯಿ," ಎಂದೆ. "ಈಗ ತೆಗೀಬಹುದು. ಅದು ಅವತ್ತಿಗೆ ಮುಗೀತು."

ಅವಳ ಗಂಟಲಿನ ನರ ಉಬ್ಬಿತು. ಕಣ್ಣಲ್ಲಿ ನೀರು ಬಂತು. ಬೇರೇನೂ ಬರಲಿಲ್ಲ. ಮತ್ತೆ ಮೊದಲಿನಿಂದ, ಇನ್ನೂ ದೊಡ್ಡದಾಗಿ ಬಾಯಿ ತೆರೆದು, ಇನ್ನೂ ಮನಸ್ಸಿಟ್ಟು ತುಟಿ ಆಡಿಸತೊಡಗಿದಳು.

ನಿಂಗಮ್ಮ ಮೊರ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು.

"ಅವತ್ತಿಂದ ಹಿಂಗೇರಿ. ನೀವು ದನಿ ತೆಗಿಬ್ಯಾಡ ಅಂದಿದ್ರಂತಲ್ರೀ. ಮೇಷ್ಟ್ರ ಮಾತು ಒಂದೂ ಮೀರಿಲ್ಲ ನೋಡ್ರಿ ನಮ್ಮ ಹುಡುಗಿ," ಅಂದಳು.